ಪರದೆಯ ಮೇಲೆ ತಿಂಗಳ ಚಿತ್ರ

ನಮ್ಮ ಕಾಲೇಜಿನ ಗಣಕಯಂತ್ರಗಳ ಕೊಠಡಿಯಲ್ಲಿ ಕಿಟಕಿಯ ಬಳಿ ಇರುವ ಯಂತ್ರದ ಹಿನ್ನೆಲೆ ಚಿತ್ರ ಅರ್ಧ ಗಂಟೆಗೊಮ್ಮೆ ತಾನೇ ಬದಲಾಗುವುದನ್ನು ಸಹಪಾಠಿ ಮಿತ್ರರು ನೋಡಿರಬಹುದು. ಇದಕ್ಕೆ ಯಾವ ದೊಡ್ಡ ತಂತ್ರಾಂಶವನ್ನು ತಂದು ಹಾಕಿದಿರಿ ಎಂದು ಅಧ್ಯಾಪಕರೊಬ್ಬರು ಕೇಳಿದರು. ದೊಡ್ಡದು ಯಾವುದೂ ಇಲ್ಲ. ಇತಿಹಾಸದ ವಿದ್ಯಾರ್ಥಿಯಾದ ನಾನು ಎಡವುತ್ತ ಕಲಿತದ್ದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ವಿಂಡೋಸ್ ಉಳ್ಳವರಿಗೆ ಇದರ ಗೊಡವೆಯೇ ಬೇಡ. 2009ರಲ್ಲಿ ಬಂದ ವಿಂಡೋಸ್ 7ರಿಂದಲೂ ಈ ಸೌಕರ್ಯ ಅದರೊಳಗೇ ಇದೆ. ನಮ್ಮ ಯಂತ್ರವಾದರೋ ಹಳೆಯದು. ಅದರ ಮೆಮೊರಿ 2 ಗಿಗಾಬೈಟು. ಅದರಲ್ಲಿರುವುದು ಲಿನಕ್ಸಿನ ಹಗುರವಾದ ಒಂದು ರೂಪ. ನಾನು ಉತ್ಸಾಹದಿಂದ ಪೈಥಾನ್ ಭಾಷೆಯಲ್ಲಿ ಪುಟ್ಟ ಕ್ರಮವಿಧಿಯೊಂದನ್ನು ಬರೆದೆ. ಇಪ್ಪತ್ತೇ ಸಾಲು. ಚಿತ್ರಗಳು ಥಟ್ಟನೆ ಬದಲಾಗಲೆಂದು ಹನ್ನೆರಡನ್ನೂ ಮೊದಲೇ ಮೆಮೊರಿಗೆ ತುಂಬಿಸಿದೆ. ಮಾರನೆಯ ದಿನ ಮಿತ್ರನೊಬ್ಬ ಅಲ್ಲಿ ಕುಳಿತು ಪ್ರಬಂಧ ಬೆರಳಚ್ಚು ಮಾಡುತ್ತಿದ್ದಾಗ ಯಂತ್ರ ಸ್ತಬ್ಧವಾಯಿತು. ಅವನ ಎರಡು ಪುಟ ಹೋಯಿತು. ಅದನ್ನು ನಾನೇ ಕುಳಿತು ಮತ್ತೆ ಬೆರಳಚ್ಚು ಮಾಡಿಕೊಟ್ಟೆ.

ತಪ್ಪೆಲ್ಲಿ? ಕಾಗದದ ಮೇಲೆ ಲೆಕ್ಕ ಹಾಕಿದೆ. ಕ್ಯಾಮರಾದ ಚಿತ್ರ 6000 ಬಿಂದು ಅಗಲ, 4000 ಬಿಂದು ಎತ್ತರ. ಒಟ್ಟು 2 ಕೋಟಿ 40 ಲಕ್ಷ ಬಿಂದು. ಬಿಂದುವಿಗೆ 4 ಬೈಟಿನಂತೆ 9 ಕೋಟಿ 60 ಲಕ್ಷ ಬೈಟು. ಕಡತದಲ್ಲಿ ಅದು 8 ಮೆಗಾಬೈಟಿಗೆ ಅಡಗಿ ಕುಳಿತಿರಬಹುದು. ಬಿಚ್ಚಿದಾಗಲೇ ಅದರ ನಿಜರೂಪ ಕಾಣುವುದು. ಹನ್ನೆರಡು ಚಿತ್ರಕ್ಕೆ 115 ಕೋಟಿ ಬೈಟು, ಎಂದರೆ ಮೆಮೊರಿಯ ಅರ್ಧಕ್ಕೂ ಮಿಕ್ಕು! ನಮ್ಮ ಪರದೆಯೋ 1366ಕ್ಕೆ 768. ಅದಕ್ಕೆ ಬೇಕಾದದ್ದು ಸುಮಾರು 42 ಲಕ್ಷ ಬೈಟು ಮಾತ್ರ. ಇಪ್ಪತ್ತು ಸಾಲಿನ ಕ್ರಮವಿಧಿಯನ್ನು ಹಗುರವೆಂದು ನಾನು ಭಾವಿಸಿದ್ದು ಶುದ್ಧ ತಪ್ಪು.

ಈಗಿನ ವ್ಯವಸ್ಥೆ ಹೀಗಿದೆ. 'ಫೆ' ಎಂಬ ಪುಟ್ಟ ಚಿತ್ರದರ್ಶಕ ಒಂದು ಚಿತ್ರವನ್ನು ಹಿನ್ನೆಲೆಗೆ ಬಳಿದು ಹೊರಟುಹೋಗುತ್ತದೆ. ಆಮೇಲೆ ಮೆಮೊರಿಯಲ್ಲಿ ಠಿಕಾಣಿ ಹೂಡುವುದಿಲ್ಲ. ಅದನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುವುದು 'ಕ್ರಾನ್'. 1979ರ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲೇ ಇದ್ದ ಹಳೆಯ ಆಳು ಇದು. ಕೋಷ್ಟಕದಲ್ಲಿ ನಿಮಿಷ, ಗಂಟೆ, ದಿನ, ತಿಂಗಳು, ವಾರ ಎಂದು ಐದು ಮನೆಗಳಿವೆ. ಮುಂದೆ ಮಾಡಬೇಕಾದ ಕೆಲಸ. ಕ್ರಾನಿಗೆ ಪರದೆ ಯಾವುದೆಂಬ ಅರಿವಿಲ್ಲವಾದ್ದರಿಂದ ಅದನ್ನೂ ಬರೆದುಕೊಡಬೇಕು. ಇದು ತಿಳಿಯದೆ ನಾನು ಎರಡು ಸಂಜೆ ಕಳೆದೆ.

01ರಿಂದ 12ರವರೆಗೆ ತಿಂಗಳಿಗೊಂದು ಕಡತಕೋಶ ಮಾಡಿದ್ದೇನೆ. ನಡೆಯುತ್ತಿರುವ ತಿಂಗಳ ಕೋಶದಿಂದ ಯಾವುದೋ ಒಂದು ಚಿತ್ರ ಬರುತ್ತದೆ. ಮಾರ್ಚಿಯಲ್ಲಿ ಹೂಮಳೆಯ ನಂತರ ಬೆಳ್ಳಗೆ ಅರಳಿದ ಕಾಫಿ ತೋಟ (ತೋಟದಲ್ಲಿ ಆ ಹೂವಿಗೆ ಮೂರು ನಾಲ್ಕು ದಿನದ ಆಯುಸ್ಸು, ಪರದೆಯ ಮೇಲೆ ಒಂದು ತಿಂಗಳು), ಜುಲೈಯಲ್ಲಿ ಕಳಸದ ಕೆಂಪು ಭದ್ರೆ, ಡಿಸೆಂಬರಿನಲ್ಲಿ ಕಣದಲ್ಲಿ ಒಣಗುವ ಹಣ್ಣು. ಮೂಡಿಗೆರೆಯಲ್ಲಿದ್ದು ಹಕ್ಕಿಗಳ ಚಿತ್ರ ತೆಗೆಯುತ್ತ, ಕನ್ನಡ ತಂತ್ರಾಂಶಕ್ಕಾಗಿಯೂ ತಲೆ ಕೆಡಿಸಿಕೊಂಡ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಂಡರು. ಅವರಿದ್ದಿದ್ದರೆ ನನ್ನ ಕ್ಯಾಮರಾ ಕೆಲಸ ನೋಡಿ ನಗುತ್ತಿದ್ದರೋ ಏನೋ.

ಇನ್ನೊಂದು ಎಚ್ಚರಿಕೆ. ಚಿತ್ರಗಳನ್ನು ಪರದೆಯ ಅಳತೆಗೆ ಕುಗ್ಗಿಸಲು 'ಇಮೇಜ್‌ಮ್ಯಾಜಿಕ್' ಅನುಕೂಲ. ಅದರಲ್ಲಿ 'ಕನ್ವರ್ಟ್' ಎಂಬ ಅಪ್ಪಣೆ ಹೊಸ ಪ್ರತಿ ಮಾಡುತ್ತದೆ. 'ಮಾಗ್ರಿಫೈ' ಎಂಬುದು, ಬೇರೆ ಜಾಗ ತೋರಿಸದಿದ್ದರೆ, ಮೂಲವನ್ನೇ ಅಳಿಸಿ ಅದರ ಮೇಲೆ ಬರೆಯುತ್ತದೆ. ಇಡೀ ಕೋಶಕ್ಕೆ ಒಂದೇ ಸಾಲು ಸಾಕೆಂದು ನಾನು ಎರಡನೆಯದನ್ನು ಹಿಡಿದೆ. ಆಗಸ್ಟ್ ಕೋಶದಲ್ಲಿ ಮೂಡಿಗೆರೆ ಕಡೆಯ ನಮ್ಮ ಅತ್ತೆಯ ಮನೆ, ಹಿಂದಿನ ಗುಡ್ಡ, ಅಂಗಳದ ಹಲಸಿನ ಮರ ಇರುವ ಚಿತ್ರವಿತ್ತು. ಮಾವ 2018ರಲ್ಲಿ ತೆಗೆದದ್ದು. 2019ರ ಆಗಸ್ಟ್ ಮಳೆಯಲ್ಲಿ ಆ ತಾಲೂಕಿನ ಗುಡ್ಡಗಳು ಹಲವೆಡೆ ಕುಸಿದಾಗ ಅದೂ ಕುಸಿಯಿತು. ಮನೆಯವರು ಉಳಿದರು, ಮನೆ ಉಳಿಯಲಿಲ್ಲ. ಚಿತ್ರದ ಬೇರೆ ಪ್ರತಿ ಇರಲಿಲ್ಲ.

ಕಳೆದ ದೀಪಾವಳಿಗೆ ಅತ್ತೆ ಅದನ್ನು ಗೋಡೆಗೆ ತೂಗುಹಾಕುವಷ್ಟು ದೊಡ್ಡದಾಗಿ ಅಚ್ಚು ಹಾಕಿಸಿಕೊಡು ಎಂದರು. ಪೋಸ್ಟ್ ಕಾರ್ಡಿಗಿಂತ ದೊಡ್ಡದು ಮಾಡಿದರೆ ಹಲಸಿನ ಮರ ಹಸಿರು ಕಲೆಯಾಗುತ್ತದೆ. ಕಾರ್ಡಿನಷ್ಟನ್ನೇ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಬಾಗಿಲು ತೆರೆದೇ ಇದೆಯಲ್ಲ ಎಂದರು.