ಮಳೆಸೀಮೆಯಲ್ಲಿ ವಾಲ್ವ್ ರೇಡಿಯೋ

ನಮ್ಮ ಕಡೆ ಹಳೇ ರೇಡಿಯೋ ಅಟ್ಟದಿಂದ ಕೆಳಗಿಳಿದ ಕೂಡಲೇ ಮನೆಯವರು ಮಾಡುವ ಮೊದಲ ಕೆಲಸ ಪ್ಲಗ್ ಚುಚ್ಚಿ ನೋಡುವುದು. ದಶಕಗಟ್ಟಲೆ ಮಲಗಿದ್ದ ಸೆಟ್ಟು ಸ್ವಲ್ಪ ಹೊತ್ತು ಗುಂಯ್ ಎನ್ನುತ್ತದೆ, ಆಮೇಲೆ ಡಾಂಬರು ಸುಟ್ಟ ವಾಸನೆ ಬಿಟ್ಟು ಸುಮ್ಮನಾಗುತ್ತದೆ. ಅದಾದ ಮೇಲೆ ನನಗೆ ಫೋನು. ಪ್ಲಗ್ ಚುಚ್ಚುವ ಮೊದಲೇ ಫೋನು ಮಾಡುವ ಪುಣ್ಯಾತ್ಮರೂ ಇದ್ದಾರೆ, ಆದರೆ ಅಪರೂಪ.

ತೋಟದ ಕೆಲಸದ ನಡುವೆ ಬಿಡುವಾದಾಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳ ವಾಲ್ವ್ ರೇಡಿಯೋ ರಿಪೇರಿ ಮಾಡುತ್ತ ಬಂದವನು ನಾನು. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಸಂಪರ್ಕದ ಹುಚ್ಚೂ ಇರುವುದರಿಂದ ಹ್ಯಾಮ್‌ಗಳ ಹಳೇ ರಿಸೀವರುಗಳೂ ಆಗೀಗ ಮೇಜಿಗೆ ಬರುತ್ತವೆ. ಈ ವಿದ್ಯೆಯ ಪುಸ್ತಕಗಳೆಲ್ಲ ಬೆಚ್ಚಗಿನ ಒಣ ಕೋಣೆಯಲ್ಲಿ ಕೂತವರು ಬರೆದದ್ದು. ಅವರ ಪ್ರಕಾರ ರೇಡಿಯೋದ ಶತ್ರು ವಯಸ್ಸು. ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ನಮ್ಮಲ್ಲಿ ವಯಸ್ಸಿನ ಮಾತು ಆಮೇಲಿನದು. ಆಷಾಢದಲ್ಲಿ ಕಪಾಟಿನೊಳಗಿನ ಬಟ್ಟೆಗೇ ಬೂಸ್ಟು ಬರುವ ಊರಿನಲ್ಲಿ, ಕಾಗದ ಸುತ್ತಿ ಮೇಣ ಹಚ್ಚಿದ ಕಂಡೆನ್ಸರ್ ಒಣಗಿ ಉಳಿದೀತೇ?

ಹಾಗಾಗಿ ಯಾವ ಸೆಟ್ಟು ಬಂದರೂ ಮೊದಲು ಒಣಗಿಸುವುದು. ಒಂದು ಹಳೇ ಮರದ ಪೆಟ್ಟಿಗೆ, ಒಳಗೆ ಕೆಳಗಡೆ 40 ವ್ಯಾಟಿನ ಫಿಲಮೆಂಟ್ ಬಲ್ಬು, ಮೇಲೆ ನಾಲ್ಕು ತೂತು. ಕ್ಯಾಬಿನೆಟ್ಟಿನಿಂದ ಬಿಚ್ಚಿದ ಚಾಸಿ ಅದರೊಳಗೆ ಒಂದು ವಾರ ಕೂರುತ್ತದೆ. ಕೈಗೆ ಬೆಚ್ಚಗೆ ತಾಗಬೇಕು, ಬಿಸಿ ತಾಗಬಾರದು. ಹೆಚ್ಚಾದರೆ ಮೇಣವೇ ಕರಗಿ ಇಳಿಯುತ್ತದೆ. ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಇನ್ನೂ ಬೇಗ ಒಣಗುತ್ತದೆ ಎಂದು ಸಲಹೆ ಕೊಟ್ಟವರಿದ್ದಾರೆ. ಒಣಗುವುದು ನಿಜ. ಜೊತೆಗೆ ಹೊಗೆಯ ಜಿಡ್ಡು ಬ್ಯಾಂಡ್ ಸ್ವಿಚ್ಚಿನ ಎಲೆಎಲೆಗೂ ಕೂತು, ಅದನ್ನು ಬಿಡಿಸಲು ಇನ್ನೊಂದು ವಾರ ಬೇಕಾಗುತ್ತದೆ.

ಒಣಗಿದ ಮೇಲೂ ನೇರ ಕರೆಂಟಿಲ್ಲ. 60 ವ್ಯಾಟಿನ ಬಲ್ಬನ್ನು ಸೀರೀಸಿನಲ್ಲಿ ಹಾಕಿ ಸ್ವಿಚ್ ಒತ್ತುತ್ತೇನೆ. ಬಲ್ಬು ಒಮ್ಮೆ ಮಿಂಚಿ ಮಂದವಾದರೆ ಸದ್ಯಕ್ಕೆ ಕ್ಷೇಮ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟಿದೆ. ಸುಡಬೇಕಾದದ್ದು ಬಲ್ಬಿನಲ್ಲೇ ಉರಿದುಹೋಯಿತು, ಟ್ರಾನ್ಸ್‌ಫಾರ್ಮರ್ ಉಳಿಯಿತು. ಎಲ್‌ಇಡಿ ಈ ಕೆಲಸಕ್ಕೆ ಬಾರದು. ಫಿಲಮೆಂಟ್ ಬಲ್ಬು ಅಂಗಡಿಯಲ್ಲಿ ಕಂಡರೆ ನಾನು ಬಿಡುವುದಿಲ್ಲ, ಮನೆಯವರು ಏನೆಂದರೂ ಸರಿ.

ಇನ್ನು ಆ ಡಾಂಬರಿನ ವಾಸನೆಯ ಮೂಲ. ಮರ್ಫಿ ಇರಲಿ, ಬುಷ್ ಇರಲಿ, ಫಿಲಿಪ್ಸ್ ಇರಲಿ, ಇಎಲ್ 84 ಔಟ್‌ಪುಟ್ ವಾಲ್ವ್ ಇರುವ ಸೆಟ್ಟಿನಲ್ಲಿ ಅದರ ಗ್ರಿಡ್ಡಿಗೆ ಹೋಗುವ ಒಂದು ಸಣ್ಣ ಕಂಡೆನ್ಸರ್ ಇರುತ್ತದೆ. ಅದರ ಆಚೆ ಬದಿಯಲ್ಲಿ ನೂರರ ಸುಮಾರು ವೋಲ್ಟ್, ಈಚೆ ಬದಿಯಲ್ಲಿ ಸೊನ್ನೆ ಇರಬೇಕು. ಹಾಡು ಮಾತ್ರ ದಾಟಬೇಕು, ಡಿಸಿ ದಾಟಬಾರದು. ತೇವ ಕುಡಿದ ಕಾಗದ ಡಿಸಿಯನ್ನೂ ಒಂದಿಷ್ಟು ಬಿಡುತ್ತದೆ. ಗ್ರಿಡ್ಡಿಗೆ ನಾಲ್ಕೈದು ವೋಲ್ಟ್ ಪಾಸಿಟಿವ್ ಸೋರಿದರೂ ವಾಲ್ವ್ ಮಿತಿಮೀರಿ ಕರೆಂಟ್ ಎಳೆಯುತ್ತದೆ, ಅದರ ಪ್ಲೇಟು ಕೆಂಪಗಾಗುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬೇಯುತ್ತದೆ. ಸೆಟ್ಟು ಮಾತ್ರ ಅಷ್ಟು ಹೊತ್ತೂ ಹಾಡುತ್ತಲೇ ಇರುತ್ತದೆ, ಅದೇ ಮೋಸ. ಗ್ರಿಡ್ ಬದಿಯ ಕಾಲು ಬಿಚ್ಚಿ ಮೀಟರ್ ಹಿಡಿದರೆ ವಿಷಯ ಗೊತ್ತಾಗುತ್ತದೆ. ಈಗೀಗ ಅಳೆಯುವುದನ್ನೂ ಬಿಟ್ಟಿದ್ದೇನೆ. ಕಾಗದದ್ದು ಎಂದು ಕಂಡರೆ ಸಾಕು, ತೆಗೆದು ಪಾಲಿಯೆಸ್ಟರ್ ಹಾಕುವುದು.

ಮೂಲ ರೂಪ ಕೆಡಬಾರದೆಂದು ಹಳೇ ಮೇಣದ ಕೊಳವೆ ಕೊರೆದು ಅದರೊಳಗೆ ಹೊಸ ಕಂಡೆನ್ಸರ್ ತುಂಬುವ ಹವ್ಯಾಸಿಗಳಿದ್ದಾರೆ. ಅವರ ಕೈಕೆಲಸಕ್ಕೆ ನಮಸ್ಕಾರ. ನಾನು ಆ ಗೋಜಿಗೆ ಹೋಗುವುದಿಲ್ಲ. ನಾಳೆ ಇನ್ನೊಬ್ಬರು ಚಾಸಿ ತಿರುವಿ ಹಾಕಿದಾಗ ಯಾವುದು ಹಳತು, ಯಾವುದು ಹೊಸತು ಎಂದು ನೋಡಿದ ಕೂಡಲೇ ತಿಳಿಯಬೇಕು. ವಾಲ್ವ್‌ಗಳನ್ನು ಮಾತ್ರ ಸುಮ್ಮನೆ ಬದಲಿಸುವುದಿಲ್ಲ. ಬೆಂಗಳೂರಿನ ಬಿಇಎಲ್‌ನಲ್ಲಿ ತಯಾರಾದ ವಾಲ್ವ್‌ಗಳು ನಮ್ಮ ಅಟ್ಟಗಳಿಂದ ಇಳಿದು ಬಂದು ಇವತ್ತಿಗೂ ದುಡಿಯುತ್ತಿವೆ. ಗಾಜಿನೊಳಗೆ ತೇವ ಹೋಗುವುದಿಲ್ಲವಲ್ಲ.

ತೇವದ ಇನ್ನೊಂದು ಕಿತಾಪತಿ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಎಲ್ಲ ವೋಲ್ಟೇಜೂ ಸರಿಯಿದ್ದು ಸ್ಟೇಷನ್ ಮಾತ್ರ ಬರುತ್ತಿಲ್ಲ ಎಂದರೆ ನಾನು ಐಎಫ್‌ಟಿ (ಇಂಟರ್ಮೀಡಿಯೆಟ್ ಫ್ರೀಕ್ವೆನ್ಸಿ ಟ್ರಾನ್ಸ್‌ಫಾರ್ಮರ್) ಡಬ್ಬಿಯ ಅಲ್ಯೂಮಿನಿಯಂ ಟೊಪ್ಪಿ ಎತ್ತಿ ಭೂತಗನ್ನಡಿ ಹಿಡಿಯುತ್ತೇನೆ. ಕೂದಲಿನಷ್ಟು ಸಣ್ಣ ತಂತಿ ಬೆಸುಗೆಯ ಕಾಲಿಗೆ ಬಂದು ಸೇರುವ ಜಾಗದಲ್ಲಿ ಸಾಸಿವೆಗಿಂತ ಚಿಕ್ಕದೊಂದು ಹಸಿರು ಚುಕ್ಕೆ ಇರುತ್ತದೆ. ತಾಮ್ರ ಕಿಲುಬಿಟ್ಟು ತಂತಿ ಅಲ್ಲಿಯೇ ತುಂಡಾಗಿದೆ. ಕಾಯಿಲಿನಿಂದ ಒಂದು ಸುತ್ತು ಬಿಚ್ಚಿ, ಎನಾಮಲ್ ಕೆರೆದು, ಉಸಿರು ಬಿಗಿಹಿಡಿದು ಬೆಸುಗೆ ಹಾಕಬೇಕು. ಒಂದು ಸುತ್ತು ಕಡಿಮೆಯಾದದ್ದನ್ನು ಕೋರ್ ತಿರುಗಿಸಿ ಸರಿಮಾಡಿಕೊಳ್ಳಬಹುದು.

ನಮ್ಮಂಥ ಹವೆಯ ತಲೆನೋವನ್ನು ದೊಡ್ಡ ಪ್ರಮಾಣದಲ್ಲಿ ಉಂಡವರು ಎರಡನೇ ಮಹಾಯುದ್ಧದ ಸೈನ್ಯಗಳು. ಪೆಸಿಫಿಕ್ ದ್ವೀಪಗಳ ಕಾಡಿನಲ್ಲಿ ರೇಡಿಯೋಗಳಿಗೆ ಬೂಸ್ಟು ಹಿಡಿದದ್ದನ್ನು ಕಂಡು ಅಮೆರಿಕದವರು ಚಾಸಿಗೆಲ್ಲ ಶಿಲೀಂಧ್ರನಾಶಕ ಬೆರೆಸಿದ ವಾರ್ನಿಷ್ ಹೊಡೆಯತೊಡಗಿದರು. ಮಳೆಗೆ ಮುಂಚೆ ಕೊಳೆರೋಗಕ್ಕೆ ನಾವು ಬೋರ್ಡೋ ದ್ರಾವಣ ಹೊಡೆದಂತೆಯೇ. ಯುದ್ಧ ಮುಗಿದ ಮೇಲೆ ಗುಜರಿಗೆ ಬಂದ ಅಂಥ ರಿಸೀವರುಗಳು ಭಾರತದ ಹ್ಯಾಮ್‌ಗಳ ಕೈಸೇರಿದವು. ಬಾಂಬರ್ ವಿಮಾನಗಳಲ್ಲಿದ್ದ ಬಿಸಿ 348 ಎಂಬ ರಿಸೀವರ್ ಒಂದನ್ನು ಹಿರಿಯ ಹ್ಯಾಮ್ ಒಬ್ಬರು ನನಗೆ ಕೊಟ್ಟಿದ್ದಾರೆ. ವಿಮಾನದ 28 ವೋಲ್ಟಿಗೆಂದು ಮಾಡಿದ್ದು, ಗಿರ್ರನೆ ತಿರುಗುವ ಡೈನಮೋಟರ್ ಬದಲು ಯಾರೋ ಅದಕ್ಕೆ ಟ್ರಾನ್ಸ್‌ಫಾರ್ಮರ್ ಕೂರಿಸಿದ್ದಾರೆ. ಅಂಥ ವಾರ್ನಿಷ್ ಬಳಿದ ಚಾಸಿಯನ್ನು ಮರಳು ಕಾಗದದಿಂದ ಉಜ್ಜಬಾರದು, ಕಿಟಕಿ ಮುಚ್ಚಿಕೊಂಡು ಬೆಸುಗೆಯನ್ನೂ ಹಾಕಬಾರದು. ಬೂಸ್ಟು ಕೊಲ್ಲುವ ವಿಷ ಎದೆಗೂ ಒಳ್ಳೆಯದಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಲ್ಲಾಪುರದ ಒಳಹಳ್ಳಿಯಿಂದ ಬಂದ ಬ್ಯಾಟರಿ ಸೆಟ್ಟು. ಕರೆಂಟು ತಡವಾಗಿ ಬಂದ ಊರುಗಳಲ್ಲಿ ಇವೇ ಇದ್ದವು. ನಾಲ್ಕೇ ವಾಲ್ವ್: ಡಿಕೆ 96, ಡಿಎಫ್ 96, ಡಿಎಎಫ್ 96, ಡಿಎಲ್ 96. ನಾಲ್ಕರ ಫಿಲಮೆಂಟೂ ಸೇರಿ 1.4 ವೋಲ್ಟಿನಲ್ಲಿ ಎಳೆಯುವುದು ಬರೇ 125 ಮಿಲಿ ಆಂಪಿಯರ್. ಅದಕ್ಕೊಂದು ದಪ್ಪ ಟಾರ್ಚ್ ಸೆಲ್ ಸಾಕು. ಮೇಲಿನ 90 ವೋಲ್ಟಿಗೆ ಬೇಕಾದ ಪ್ಯಾಕು ಅಂಗಡಿಯಿಂದ ಮಾಯವಾಗಿ ಎಷ್ಟೋ ಕಾಲವಾಯಿತು. 9 ವೋಲ್ಟಿನ ಚೌಕ ಬ್ಯಾಟರಿ ಹತ್ತನ್ನು ಒಂದಕ್ಕೊಂದು ಕಚ್ಚಿಸಿದರೆ ಸರಿಯಾಗಿ 90. ಎಚ್ಚರ ಬೇಕಾದದ್ದು ಒಂದೇ ಕಡೆ. 90ರ ವೈರು ಅಪ್ಪಿತಪ್ಪಿ ಫಿಲಮೆಂಟಿಗೆ ತಾಗಿದರೆ ನಾಲ್ಕು ವಾಲ್ವೂ ಒಟ್ಟಿಗೆ ಹೋದವು. ಅದಕ್ಕೇ ನಾನು ಎರಡಕ್ಕೂ ಬೇರೆ ಬೇರೆ ಅಳತೆಯ ಪ್ಲಗ್ ಹಾಕುತ್ತೇನೆ, ಅದಲುಬದಲಾಗಲು ಸಾಧ್ಯವೇ ಇಲ್ಲದಂತೆ.

ಸೆಟ್ಟು ಒಯ್ದು ಕೊಟ್ಟ ದಿನ ಆ ಮನೆಯ ಅಜ್ಜಿ, ‘ತಮಾ, ಮಾತಾಡ್ತಾ ಇದು?’ ಎಂದು ಕೇಳಿದರು. ಕರೆಂಟು ಹೋಗಿತ್ತು. ನಾನು ಮುಳ್ಳನ್ನು 392 ಮೀಟರಿನ ಹತ್ತಿರ ತಂದೆ. ಹಳೇ ಡಯಲ್ಲಿನಲ್ಲಿ ಧಾರವಾಡದ 765 ಕಿಲೋಹರ್ಟ್ಸ್ ಇರುವುದು ಅಲ್ಲಿ. ಆಕಾಶವಾಣಿ ಸ್ಪಷ್ಟವಾಗಿ ಬಂತು. ಅಷ್ಟರಲ್ಲಿ ಕರೆಂಟು ಬಂತು ನೋಡಿ, ಗರಗರ ಶುರು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲವೂ ಮೀಡಿಯಂ ವೇವ್ ಮೇಲೆ ಗದ್ದಲ ಎಬ್ಬಿಸುತ್ತವೆ. ರೇಡಿಯೋ ಸರಿಯಿಲ್ಲ ಎಂದು ನನ್ನಲ್ಲಿಗೆ ಬರುವ ಎಷ್ಟೋ ದೂರುಗಳ ನಿಜವಾದ ಆರೋಪಿ ಪಕ್ಕದ ಗೋಡೆಯಲ್ಲಿ ನೇತಾಡುವ ಚಾರ್ಜರ್ರು.

ಮನೆಯ ಹಳೇ ರೇಡಿಯೋದಲ್ಲಿ ಹ್ಯಾಮ್‌ಗಳ ಮಾತು ಕೇಳಬಹುದೇ ಎಂದು ಹುಡುಗರು ಕೇಳುತ್ತಾರೆ. ಶಾರ್ಟ್ ವೇವ್‌ನ 40 ಮೀಟರ್ ಬ್ಯಾಂಡು, ಅಂದರೆ 7.0ರಿಂದ 7.2 ಮೆಗಾಹರ್ಟ್ಸ್, ಬಹಳಷ್ಟು ಸೆಟ್ಟುಗಳಲ್ಲಿ ಸಿಗುತ್ತದೆ. ಆದರೆ ಅವರು ಮಾತಾಡುವುದು ಎಸ್‌ಎಸ್‌ಬಿಯಲ್ಲಿ (ಸಿಂಗಲ್ ಸೈಡ್‌ಬ್ಯಾಂಡ್). ಸಾದಾ ರೇಡಿಯೋದಲ್ಲಿ ಬಾತುಕೋಳಿ ಕೂಗಿದಂತೆ ಕೇಳುತ್ತದೆ. ಐಎಫ್‌ನ 455 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುವ ಒಂದು ಟ್ರಾನ್ಸಿಸ್ಟರಿನ ಪುಟ್ಟ ಬಿಎಫ್‌ಒ (ಬೀಟ್ ಫ್ರೀಕ್ವೆನ್ಸಿ ಆಸಿಲೇಟರ್) ಮಾಡಿ ಸೆಟ್ಟಿನ ಪಕ್ಕದಲ್ಲಿಟ್ಟರೆ ಆ ಕೂಗೇ ಮಾತಾಗುತ್ತದೆ. ಸೆಟ್ಟು ಬಿಸಿಯಾಗಿ ನೆಲೆಗೊಳ್ಳಲು ಅರ್ಧ ಗಂಟೆಯಾದರೂ ಬೇಕು, ಅಲ್ಲಿಯವರೆಗೆ ಸ್ಟೇಷನ್ ಜಾರುತ್ತಲೇ ಇರುತ್ತದೆ. ಕೇಳಿದ ಮೇಲೆ ಮಾತಾಡುವ ಆಸೆ ಹುಟ್ಟಿದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಶುರುಮಾಡಿದ್ದು 30 ವ್ಯಾಟಿನ ಟ್ರಾನ್ಸ್‌ಮಿಟರಿನಿಂದ ಎಂದು ನಾನು ಆ ಹುಡುಗರಿಗೆ ಹೇಳುತ್ತೇನೆ. ನನ್ನ ಸೀರೀಸ್ ಬಲ್ಬಿನ ಅರ್ಧ ಅದು.

ರಿಪೇರಿಯಾದ ಸೆಟ್ಟನ್ನು ಶೋಕೇಸಿನಲ್ಲಿಟ್ಟು ಗಾಜು ಮುಚ್ಚಿದರೆ ಎರಡು ಮಳೆಗಾಲದಲ್ಲಿ ನನ್ನ ಕೆಲಸ ನೀರುಪಾಲು. ಜೂನಿನಿಂದ ಸೆಪ್ಟೆಂಬರ್‌ವರೆಗೆ ದಿನ ಬಿಟ್ಟು ದಿನ ಒಂದು ಗಂಟೆ ಹಾಡಿಸಿ ಎನ್ನುತ್ತೇನೆ. ವಾಲ್ವ್‌ಗಳ ಕಾವೇ ಸೆಟ್ಟನ್ನು ಒಣಗಿಸುತ್ತದೆ. ಹಿಂದಿನ ವೋಲ್ಟೇಜ್ ಆಯ್ಕೆಯನ್ನು ಅತಿ ಹೆಚ್ಚಿನದಕ್ಕೆ ಇಡಬೇಕು, ಏಕೆಂದರೆ ರಾತ್ರಿ ಪಂಪುಗಳು ನಿಂತ ಮೇಲೆ ನಮ್ಮಲ್ಲಿ ಕರೆಂಟು ಏರುತ್ತದೆ. ಅಡಿಕೆ ಮರದಿಂದ ಮರಕ್ಕೆ ಏರಿಯಲ್ ಕಟ್ಟಿದವರು ಏಪ್ರಿಲ್, ಮೇ ತಿಂಗಳ ಸಿಡಿಲಿನ ಸಂಜೆಗಳಲ್ಲಿ ಅದನ್ನು ಬಿಚ್ಚಿ ಮನೆಯ ಹೊರಗೇ ಬಿಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು.

ಈಚೆಗೆ ಹೋಮ್‌ಸ್ಟೇಯವರು ಬರುತ್ತಾರೆ. ಅವರಿಗೆ ಬೇಕಾದದ್ದು ಪೆಟ್ಟಿಗೆ ಮಾತ್ರ, ಒಳಗೆ ಬ್ಲೂಟೂತ್ ಹಾಕಿಕೊಡಿ ಎನ್ನುತ್ತಾರೆ. ಮೊದಮೊದಲು ಜಗಳಕ್ಕೇ ನಿಲ್ಲುತ್ತಿದ್ದೆ. ಈಗ ರಿಪೇರಿಗೆ ಬರುವ ಸೆಟ್ಟುಗಳಿಗೆ ಬಿಡಿಭಾಗ ಹುಡುಕುವುದು ನನಗೂ ಕಷ್ಟವಾಗಿದೆ. ಆದ್ದರಿಂದ ಬ್ಲೂಟೂತ್ ಹಾಕಿಕೊಡುತ್ತೇನೆ, ಕೂಲಿಯ ಬದಲು ಒಳಗಿನ ಚಾಸಿ ಕೇಳುತ್ತೇನೆ. ಹೋದ ಬೇಸಿಗೆಯಲ್ಲಿ ಹಾಗೆ ಸಿಕ್ಕಿದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಈಗ ಸಿದ್ದಾಪುರದ ಒಂದು ಮನೆಯ ಮರ್ಫಿಯಲ್ಲಿದೆ.