ಪಫಿನ್ ಹಕ್ಕಿಗಳ ನೆಲೆಯಲ್ಲಿ

ಉತ್ತರ ಅಟ್ಲಾಂಟಿಕ್ ಮಹಾಸಾಗರದಲ್ಲಿ, ದಡದಿಂದ ನೂರಾರು ಕಿಲೋಮೀಟರು ದೂರದಲ್ಲಿ, ಚಳಿಗಾಲದ ಬಿರುಗಾಳಿಗೆ ಏರಿಳಿಯುವ ಅಲೆಗಳ ಮೇಲೆ ಒಂದು ಪುಟ್ಟ ಹಕ್ಕಿ ತೇಲುತ್ತಿರುತ್ತದೆ. ಗಾತ್ರದಲ್ಲಿ ಅದು ಪಾರಿವಾಳಕ್ಕಿಂತ ತುಸು ಗಿಡ್ಡ; ತೂಕ ಅರ್ಧ ಕಿಲೋಗ್ರಾಮಿನ ಆಸುಪಾಸು. ಮುಖದ ಬಣ್ಣ ಬೂದು, ಕೊಕ್ಕು ಕಿರಿದು ಮತ್ತು ಮಂಕು. ಚಿತ್ರಗಳಲ್ಲಿ ಕಾಣುವ ಬಣ್ಣದ ಕೊಕ್ಕಿನ ಪಫಿನ್ ಇದೇ ಎಂದರೆ ನಂಬುವುದು ಕಷ್ಟ. ವರ್ಷದ ಹೆಚ್ಚಿನ ಕಾಲವನ್ನು ಅದು ಹೀಗೆ ನೀರಿನ ಮೇಲೆಯೇ ಕಳೆಯುತ್ತದೆ. ನೆಲದೊಡನೆ ಅದಕ್ಕೆ ಇರುವ ನಂಟು ಒಂದೇ ಒಂದು: ಮರಿಯನ್ನು ಬೆಳೆಸುವುದು. ಆ ಕಾರ್ಯ ಮುಗಿದೊಡನೆ ಅದು ನೆಲವನ್ನು ತೊರೆಯುತ್ತದೆ. ಆದುದರಿಂದ ಪಫಿನ್ನುಗಳನ್ನು ನೋಡಬಯಸುವವರು ‘ಎಲ್ಲಿ’ ಎಂದು ಕೇಳುವ ಮೊದಲು ‘ಯಾವಾಗ’ ಎಂದು ಕೇಳಬೇಕಾಗುತ್ತದೆ.

ಪಫಿನ್ನುಗಳಲ್ಲಿ ಮೂರು ಜಾತಿಗಳುಂಟು. ಅವುಗಳಲ್ಲಿ ಎರಡು ಪೆಸಿಫಿಕ್ ಸಾಗರಕ್ಕೆ ಸೇರಿದವು. ಹೆಚ್ಚು ಪ್ರಸಿದ್ಧವಾದುದು ಅಟ್ಲಾಂಟಿಕ್ ಪಫಿನ್. ವಿಜ್ಞಾನಿಗಳು ಇದನ್ನು ‘ಫ್ರಾಟರ್ಕ್ಯುಲಾ ಆರ್ಕ್ಟಿಕಾ’ ಎಂದು ಕರೆಯುತ್ತಾರೆ. ಇದರ ಮೊದಲ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಪುಟ್ಟ ಸೋದರ’ ಎಂದು ಅರ್ಥ. ಕಪ್ಪು ಬೆನ್ನು, ಬಿಳಿಯ ಎದೆ. ಕ್ರೈಸ್ತ ಸಂನ್ಯಾಸಿಯ ನಿಲುವಂಗಿಯನ್ನು ನೆನಪಿಗೆ ತರುವ ಈ ವೇಷವೇ ಹೆಸರಿಗೆ ಕಾರಣವಿರಬೇಕು. ವಸಂತ ಸಮೀಪಿಸಿದಂತೆ ಅದರ ಕೊಕ್ಕು ಕಿತ್ತಳೆ, ಹಳದಿ, ನೀಲಿಬೂದು ಬಣ್ಣಗಳ ಫಲಕಗಳಿಂದ ಅಲಂಕೃತವಾಗುತ್ತದೆ. ಸಂತಾನಕಾಲ ಕಳೆದ ಮೇಲೆ ಆ ಫಲಕಗಳು ಕಳಚಿಬೀಳುತ್ತವೆ. ಗಿಡ್ಡ ರೆಕ್ಕೆಗಳು ನೀರಿನೊಳಗೆ ಹುಟ್ಟುಗಳಂತೆ ಕೆಲಸಮಾಡುತ್ತವೆ. ಗಾಳಿಯಲ್ಲಿ ಹಾರಬೇಕಾದರೆ ಮಾತ್ರ ನಿಮಿಷಕ್ಕೆ ಸುಮಾರು 400 ಬಾರಿ ಬಡಿಯಬೇಕು. ನೆಲಕ್ಕಿಳಿಯುವ ಪಫಿನ್ ಕೆಲವೊಮ್ಮೆ ಮುಗ್ಗರಿಸಿ ಉರುಳುವುದನ್ನು ಕಂಡು ನೋಡುಗರು ನಗುತ್ತಾರೆ. ಆದರೆ ಅದೇ ಹಕ್ಕಿ ಕಡಲಾಳದಲ್ಲಿ ಮೀನಿನ ಬೆನ್ನಟ್ಟುವುದನ್ನು ಕಂಡವರು ನಗಲಾರರು.

ಏಪ್ರಿಲ್ ತಿಂಗಳ ಹೊತ್ತಿಗೆ ಪಫಿನ್ನುಗಳು ತಮ್ಮ ದ್ವೀಪಗಳ ಸುತ್ತಲಿನ ನೀರಿನಲ್ಲಿ ಗುಂಪುಗೂಡುತ್ತವೆ. ಈ ಮೊದಲ ದಿನಗಳನ್ನು ನಂಬಿ ಪ್ರಯಾಣ ಕೈಗೊಂಡವರು ನಿರಾಶರಾಗುವುದುಂಟು. ಒಂದು ದಿನ ಸಾವಿರಾರು ಹಕ್ಕಿಗಳು ದಡವೇರಿ ಬಿಲಗಳನ್ನು ಪರೀಕ್ಷಿಸುತ್ತವೆ. ಮರುದಿನದಿಂದ ಹಲವು ದಿನಗಳ ಕಾಲ ಒಂದೂ ಕಾಣದು. ಹುಲ್ಲುಮಣ್ಣಿನ ಇಳಿಜಾರಿನಲ್ಲಿ ಕೊಕ್ಕಿನಿಂದ ಅಗೆದು, ಕಾಲಿನಿಂದ ಮಣ್ಣನ್ನು ಹಿಂದಕ್ಕೆಸೆದು, ಸುಮಾರು ಒಂದು ಮೀಟರು ಉದ್ದದ ಬಿಲವನ್ನು ಅವು ಸಿದ್ಧಪಡಿಸುತ್ತವೆ. ಮೊಲಗಳು ಬಿಟ್ಟುಹೋದ ಬಿಲವಾದರೂ ಆದೀತು. ಅಲ್ಲಿ ಒಂದೇ ಒಂದು ಮೊಟ್ಟೆ. ತಾಯಿತಂದೆಗಳೆರಡೂ ಸರದಿಯಂತೆ ಸುಮಾರು ಆರು ವಾರ ಕಾವು ಕೊಡುತ್ತವೆ. ಮೇ ತಿಂಗಳಲ್ಲಿ ಒಂದು ಬಿಲದೊಳಗಿದ್ದರೆ ಇನ್ನೊಂದು ಕಡಲಲ್ಲಿರುವುದರಿಂದ ಹೊರಗೆ ಕಾಣುವ ಹಕ್ಕಿಗಳು ಕಡಿಮೆಯೆಂದೇ ಹೇಳಬೇಕು.

ಜೂನ್ ತಿಂಗಳ ನಡುವಿನಿಂದ ಜುಲೈ ಮಧ್ಯದವರೆಗೆ ನೋಟವೇ ಬೇರೆ. ಮೊಟ್ಟೆಯೊಡೆದು ಮರಿ ಹೊರಬಂದಿರುತ್ತದೆ. ಅದರ ಹಸಿವಿಗೆ ಬಿಡುವಿಲ್ಲ. ಇನ್ನೂ ಸಂಸಾರ ಹೂಡದ ಎಳೆಯ ಹಕ್ಕಿಗಳೂ ಬಂದು ಸೇರಿ ಇಳಿಜಾರುಗಳು ಜಾತ್ರೆಯಂತಾಗುತ್ತವೆ. ಕಡಲಿನಿಂದ ಮರಳುವ ಪಫಿನ್ ತನ್ನ ಕೊಕ್ಕಿನಲ್ಲಿ ಹತ್ತಾರು ಸಣ್ಣ ಮೀನುಗಳನ್ನು ಅಡ್ಡಲಾಗಿ ಜೋಡಿಸಿಕೊಂಡು ಬರುತ್ತದೆ. ಅಂಗುಳಿನಲ್ಲಿ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ. ಹಿಡಿದ ಮೀನನ್ನು ನಾಲಗೆಯು ಅವುಗಳಿಗೆ ಒತ್ತಿ ಹಿಡಿಯುವುದರಿಂದ ಮುಂದಿನ ಮೀನಿಗಾಗಿ ಬಾಯಿ ತೆರೆದಾಗಲೂ ಮೊದಲಿನವು ಜಾರಿಹೋಗುವುದಿಲ್ಲ. ಈ ದೃಶ್ಯಕ್ಕಾಗಿಯೇ ಪಕ್ಷಿಪ್ರಿಯರು ದೂರದೂರದಿಂದ ಬರುವುದು. ಹೊತ್ತಿನ ವಿಷಯದಲ್ಲಿಯೂ ಎಚ್ಚರ ಬೇಕು. ನಡುಹಗಲಿನಲ್ಲಿ ಬಹಳಷ್ಟು ಹಕ್ಕಿಗಳು ಬೇಟೆಗೆ ಹೋಗಿರುವುದುಂಟು. ಸಂಜೆ ಬಿಲಗಳ ಮುಂದೆ ಅವುಗಳ ಸಭೆ ನೆರೆಯುತ್ತದೆ. ಆಗಸ್ಟ್ ಮೊದಲ ವಾರದ ಹೊತ್ತಿಗೆ ಬ್ರಿಟನ್ನಿನ ಹೆಚ್ಚಿನ ದ್ವೀಪಗಳು ಬರಿದಾಗಿರುತ್ತವೆ.

ಬ್ರಿಟನ್ನಿನಲ್ಲಿ ಪಫಿನ್ನುಗಳನ್ನು ತೀರ ಹತ್ತಿರದಿಂದ ನೋಡಲು ವೇಲ್ಸಿನ ಪಶ್ಚಿಮ ತೀರದ ಸ್ಕೋಮರ್ ದ್ವೀಪಕ್ಕೆ ಸಮನಾದ ತಾಣಗಳು ಕೆಲವೇ. ಮಾರ್ಟಿನ್ಸ್ ಹೇವನ್ ಎಂಬ ಸಣ್ಣ ಕೊಲ್ಲಿಯಿಂದ ದೋಣಿ ಹೊರಡುತ್ತದೆ. ದಿನಕ್ಕೆ ಇಂತಿಷ್ಟೇ ಜನರೆಂಬ ಮಿತಿಯಿದೆ. ಅಲ್ಲಿನ ಕಾಲುದಾರಿಯ ಒಂದು ಬದಿಯಲ್ಲಿ ಕಡಲು, ಇನ್ನೊಂದು ಬದಿಯಲ್ಲಿ ಬಿಲಗಳು. ಮೀನು ಹೊತ್ತ ಪಫಿನ್ ದಾರಿಯನ್ನು ದಾಟಿ ಓಡಬೇಕು. ಜನರು ಸಾಲಾಗಿ ನಿಂತು ದಾರಿ ಕಟ್ಟಿದರೆ ಅದು ಅಲ್ಲಿಯೇ ನಿಂತುಬಿಡುತ್ತದೆ. ಅಷ್ಟರಲ್ಲಿ ಗಲ್ ಎಂಬ ದೊಡ್ಡ ಕಡಲಹಕ್ಕಿ ಎರಗಿ ಮೀನನ್ನು ಕಸಿದುಕೊಳ್ಳುತ್ತದೆ; ಬಿಲದೊಳಗಿನ ಮರಿಗೆ ಆ ಹೊತ್ತಿನ ಊಟ ತಪ್ಪುತ್ತದೆ. ದಾರಿ ಬಿಟ್ಟು ಒಂದು ಹೆಜ್ಜೆ ಹುಲ್ಲಿನ ಮೇಲಿಟ್ಟರೂ ಅಪಾಯ. ಸಾವಿರಾರು ಬಿಲಗಳಿಂದ ಟೊಳ್ಳಾದ ನೆಲ ಕುಸಿದು ಮರಿ ಒಳಗೆ ಹೂತುಹೋಗಬಹುದು. ಛಾಯಾಚಿತ್ರದ ಆಸೆಗೆ ಇದನ್ನು ಮರೆಯುವವರು ಇಂದಿಗೂ ಇಲ್ಲದಿಲ್ಲ.

ಸ್ಕಾಟ್ಲೆಂಡಿನಲ್ಲಿ ಮಲ್ ದ್ವೀಪದಿಂದ ದೋಣಿಯಲ್ಲಿ ಲುಂಗಾ ದ್ವೀಪಕ್ಕೆ ಹೋಗಬಹುದು. ಕಡಲ ಪ್ರಯಾಣ ಒಗ್ಗದವರಿಗೆ ಶೆಟ್ಲೆಂಡಿನ ಸಂಬರ್ಗ್ ಹೆಡ್ ಅನುಕೂಲ. ಅಲ್ಲಿ ದೀಪಸ್ತಂಭದ ಬಳಿಯ ಗೋಡೆಯ ಹಿಂದೆ ನಿಂತೇ ಹಕ್ಕಿಗಳನ್ನು ಕಾಣಬಹುದು. ಇಂಗ್ಲೆಂಡಿನ ಈಶಾನ್ಯ ತೀರದ ಫಾರ್ನ್ ದ್ವೀಪಗಳೂ ಹೆಸರಾದವು. 2022ರಲ್ಲಿ ಹಕ್ಕಿಜ್ವರ ಹಬ್ಬಿದಾಗ ಅಲ್ಲಿ ಇಳಿಯುವುದನ್ನು ನಿಲ್ಲಿಸಲಾಗಿತ್ತು. 2024ರಲ್ಲಿ ಮತ್ತೆ ಅವಕಾಶ ದೊರೆಯಿತು. ಐಸ್‌ಲೆಂಡಿನಲ್ಲಂತೂ ಲೋಕದ ಅಟ್ಲಾಂಟಿಕ್ ಪಫಿನ್ನುಗಳಲ್ಲಿ ಅರ್ಧಕ್ಕೂ ಹೆಚ್ಚು ಗೂಡುಕಟ್ಟುತ್ತವೆ. ಪಶ್ಚಿಮದ ಲಾತ್ರಬ್ಯಾರ್ಗ್ ಕಡಿಬಂಡೆಯ ಅಂಚಿನಲ್ಲಿ ಪ್ರವಾಸಿಗರು ಹೊಟ್ಟೆಯ ಮೇಲೆ ಮಲಗಿ ಪಫಿನ್ನುಗಳನ್ನು ನೋಡುತ್ತಾರೆ. ಅದು ಸೋಮಾರಿತನವಲ್ಲ, ಬಿಲಗಳಿಂದ ಸಡಿಲವಾದ ಅಂಚಿನಲ್ಲಿ ನಿಲ್ಲುವುದು ಅಪಾಯಕರ, ಕೆಳಗೆ ನೂರಾರು ಮೀಟರುಗಳ ಪ್ರಪಾತ. ಅಟ್ಲಾಂಟಿಕಿನ ಆಚೆಯ ದಡದಲ್ಲಿ, ಕೆನಡಾದ ನ್ಯೂಫೌಂಡ್‌ಲೆಂಡಿನಲ್ಲಿರುವ ವಿಟ್‌ಲೆಸ್ ಬೇ ದ್ವೀಪಗಳು ಉತ್ತರ ಅಮೆರಿಕದ ಅತಿದೊಡ್ಡ ಪಫಿನ್ ನೆಲೆ.

ಈ ನ್ಯೂಫೌಂಡ್‌ಲೆಂಡಿನ ಹಕ್ಕಿಗಳಿಂದಲೇ ಮತ್ತೊಂದು ನೆಲೆ ಮರುಹುಟ್ಟು ಪಡೆದ ಕತೆಯನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ಮೇನ್ ಸಂಸ್ಥಾನದ ಈಸ್ಟರ್ನ್ ಎಗ್ ರಾಕ್ ಎಂಬ ಪುಟ್ಟ ದ್ವೀಪದಲ್ಲಿ ಮಾಂಸಕ್ಕೂ ಗರಿಗಳಿಗೂ ನಡೆದ ಬೇಟೆಯಿಂದಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪಫಿನ್ನುಗಳು ನಿರ್ನಾಮವಾಗಿದ್ದವು. 1973ರಲ್ಲಿ ಸ್ಟೀಫನ್ ಕ್ರೆಸ್ ಎಂಬ ಯುವ ಪಕ್ಷಿತಜ್ಞರು ನ್ಯೂಫೌಂಡ್‌ಲೆಂಡಿನಿಂದ ಮರಿಗಳನ್ನು ತಂದು, ಆ ದ್ವೀಪದಲ್ಲಿ ಕೃತಕ ಬಿಲಗಳನ್ನು ನಿರ್ಮಿಸಿ, ದಿನವೂ ಬಿಲದ ಬಾಯಲ್ಲಿ ಮೀನಿಟ್ಟು ಬೆಳೆಸತೊಡಗಿದರು. ರೆಕ್ಕೆ ಬಲಿತ ಮರಿಗಳು ಕಡಲಿಗೆ ಹೋದವು. ಬೆಳೆದ ಮರಿ ತಾನು ಬೆಳೆದ ನೆಲೆಗೇ ಮರಳುತ್ತದೆಂಬ ನಂಬಿಕೆಯೊಂದೇ ಅವರಿಗೆ ಆಧಾರ. ವರ್ಷಗಳು ಉರುಳಿದರೂ ಒಂದೂ ಬರಲಿಲ್ಲ. ಪಫಿನ್ ಗುಂಪನ್ನು ಬಯಸುವ ಹಕ್ಕಿ. ಬರಿದಾದ ಬಂಡೆಯ ಮೇಲೆ ಇಳಿಯಲು ಅದಕ್ಕೆ ಧೈರ್ಯ ಬಾರದು ಎಂದು ಯೋಚಿಸಿ, ಕ್ರೆಸ್ಸರು ಮರದಿಂದ ಪಫಿನ್ ಬೊಂಬೆಗಳನ್ನು ಮಾಡಿಸಿ ಬಂಡೆಗಳ ಮೇಲೆ ನಿಲ್ಲಿಸಿದರು. 1977ರಲ್ಲಿ ಮೊದಲ ಪಫಿನ್ ಮರಳಿತು. 1981ರ ಜುಲೈ ತಿಂಗಳಲ್ಲಿ ಒಂದು ಹಕ್ಕಿ ಕೊಕ್ಕಿನ ತುಂಬ ಮೀನು ಹಿಡಿದು ಬಂಡೆಗಳ ಸಂದಿಗೆ ನುಸುಳಿತು. ಒಳಗೆ ಮರಿಯಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. 2019ರ ವೇಳೆಗೆ ಆ ದ್ವೀಪದಲ್ಲಿ ಸುಮಾರು 190 ಜೋಡಿಗಳು ಗೂಡುಮಾಡಿದ್ದವು. ಇಂದು ಪ್ರವಾಸಿಗರು ಅಲ್ಲಿ ಇಳಿಯುವಂತಿಲ್ಲ. ದ್ವೀಪವನ್ನು ಸುತ್ತುವ ದೋಣಿಯಿಂದಲೇ ದುರ್ಬೀನಿನ ಮೂಲಕ ನೋಡಬೇಕು. ದೋಣಿಯಿಂದ ಕಾಣುವುದು ಚುಕ್ಕೆಯಷ್ಟು ಹಕ್ಕಿಯೇ ಆದರೂ, ಆ ಚುಕ್ಕೆಯ ಹಿಂದಿನ ಕತೆಯನ್ನು ಬಲ್ಲವರಿಗೆ ಅದು ಸಣ್ಣ ನೋಟವಲ್ಲ.

ಇಷ್ಟಾಗಿಯೂ ಪಫಿನ್ನಿನ ಸ್ಥಿತಿ ನೆಮ್ಮದಿಯದಲ್ಲ. 2015ರಿಂದ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯಕ್ಕೊಳಗಾದ ಜಾತಿಗಳ ಸಾಲಿಗೆ ಸೇರಿಸಿದೆ. ಕಡಲ ನೀರು ಬೆಚ್ಚಗಾಗುತ್ತಿರುವುದರಿಂದ ಮರಿಗಳ ಮುಖ್ಯ ಆಹಾರವಾದ ಸ್ಯಾಂಡ್ ಈಲ್ ಎಂಬ ಸಣ್ಣ ಮೀನು ಹಲವೆಡೆ ವಿರಳವಾಗಿದೆ. ಮೀನುಗಾರಿಕೆಯ ಪಾಲೂ ಇದರಲ್ಲಿದೆ. 2024ರಲ್ಲಿ ಸ್ಕಾಟ್ಲೆಂಡಿನ ನೀರಿನಲ್ಲಿಯೂ ಉತ್ತರ ಸಮುದ್ರದ ಇಂಗ್ಲೆಂಡಿಗೆ ಸೇರಿದ ಭಾಗದಲ್ಲಿಯೂ ಈ ಮೀನನ್ನು ಹಿಡಿಯುವುದನ್ನು ನಿಷೇಧಿಸಲಾಯಿತು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿಗೆ ಒಂದು ಬೇಸಿಗೆಯ ಬರಗಾಲವೆಂದರೆ ಆ ವರ್ಷದ ಸಂತಾನವೇ ಇಲ್ಲವೆಂದು ಅರ್ಥ.

ಐಸ್‌ಲೆಂಡಿನ ದಕ್ಷಿಣಕ್ಕಿರುವ ಹೇಮೈ ದ್ವೀಪದಲ್ಲಿ ಪಫಿನ್ ನೋಡುವ ಕಾಲ ಉಳಿದೆಡೆಗಿಂತ ತಡವಾಗಿ, ಬೇರೊಂದು ಬಗೆಯಲ್ಲಿ ಮುಗಿಯುತ್ತದೆ. ಆರೇಳು ವಾರ ತುಂಬಿದ ಮರಿ ಬಿಲವನ್ನು ತೊರೆಯುವುದು ರಾತ್ರಿಯಲ್ಲಿ, ಒಂಟಿಯಾಗಿ. ಗಲ್ ಹಕ್ಕಿಗಳ ಕಣ್ತಪ್ಪಿಸಿ, ಕಡಲಿನ ಮೇಲಣ ಬೆಳಕನ್ನು ಅರಸಿ ಅದು ಹಾರುತ್ತದೆ. ಆದರೆ ಊರಿನ ವಿದ್ಯುದ್ದೀಪಗಳು ಕೆಲವು ಮರಿಗಳ ದಾರಿ ತಪ್ಪಿಸುತ್ತವೆ. ಬೀದಿಯಲ್ಲಿ ಬಿದ್ದ ಮರಿ ತಾನಾಗಿ ಮೇಲೇಳಲಾರದು. ಅದಕ್ಕೆ ಬೆಕ್ಕು, ನಾಯಿ, ವಾಹನಗಳ ಭಯ. ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳ ರಾತ್ರಿಗಳಲ್ಲಿ ಆ ಊರಿನ ಮಕ್ಕಳು ರಟ್ಟಿನ ಪೆಟ್ಟಿಗೆಗಳನ್ನೂ ಕೈದೀಪಗಳನ್ನೂ ಹಿಡಿದು ಬೀದಿಬೀದಿ ಅಲೆಯುತ್ತಾರೆ. ಸಿಕ್ಕಿದ ಮರಿಯನ್ನು ರಾತ್ರಿಯೆಲ್ಲ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟು, ಮರುದಿನ ತೂಗಿ, ತೂಕವನ್ನು ಬರೆಸಿ, ಕಡಲಿಗೆ ಚಾಚಿದ ಬಂಡೆಯ ಅಂಚಿಗೆ ಒಯ್ಯುತ್ತಾರೆ. ಎರಡೂ ಕೈಗಳಿಂದ ಅದನ್ನು ಹಿಡಿದು, ಚೆಂಡಿನಂತೆ ಮೇಲಕ್ಕೆ ತೂರುತ್ತಾರೆ. ಮರಿ ಗಾಳಿಯಲ್ಲಿ ರೆಕ್ಕೆ ಬಿಚ್ಚಿ, ಬಡಿದು, ದೂರದ ನೀರಿಗಿಳಿಯುತ್ತದೆ. ಇನ್ನು ಎರಡು ಮೂರು ವರ್ಷ ಅದು ನೆಲದ ಮೇಲೆ ಕಾಲಿಡುವುದಿಲ್ಲ.