ಎತ್ತರವಷ್ಟೇ ನೋಡಿ ಸೈಕಲ್ಲು ಕೊಳ್ಳಬೇಡಿ

ಅಂಗಡಿಯವರು ನಿಮ್ಮ ಎತ್ತರವಷ್ಟೇ ಕೇಳಿ ಸೈಕಲ್ಲನ್ನು ಮುಂದೆ ತಳ್ಳಿದರೆ ಸ್ವಲ್ಪ ತಾಳಿ. ಐದೂವರೆ ಅಡಿಯ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಮುಂಡ ಉದ್ದ ಇರಬಹುದು. ಇಬ್ಬರಿಗೂ ಒಂದೇ ಫ್ರೇಮು ಹೊಂದುವುದಿಲ್ಲ.

ಮನೆಯಲ್ಲೇ ಅಳೆದುಕೊಳ್ಳಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿಯಿರಿ. ಅದರ ಮೇಲಂಚಿನಿಂದ ನೆಲದವರೆಗೆ ಒಳಗಾಲಿನ ಅಳತೆ. ಅದನ್ನು 0.883ರಿಂದ ಗುಣಿಸಿದರೆ, ಎರಡೂ ಪೆಡಲ್ ತೋಳುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಎಷ್ಟಿರಬೇಕೆಂಬುದು ಸಿಗುತ್ತದೆ. ಒಳಗಾಲು 80 ಸೆಂ.ಮೀ. ಇದ್ದರೆ ಸುಮಾರು 70.6. ಅಮೆರಿಕದ ಸೈಕಲ್ ಪಟು ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಹಬ್ಬಿದ ಲೆಕ್ಕವಿದು. ಶುರುವಿಗೆ ಸಾಕು, ವೇದವಾಕ್ಯವೇನಲ್ಲ.

ಸೀಟನ್ನಾದರೆ ಏರಿಸಿ ಇಳಿಸಬಹುದು. ಸೀಟಿನಿಂದ ಹ್ಯಾಂಡಲ್‌ಗಿರುವ ದೂರ ಅಷ್ಟು ಸುಲಭವಾಗಿ ಬದಲಾಗದು. ನನ್ನ ಮಟ್ಟಿಗೆ ಫ್ರೇಮು ಆರಿಸುವಾಗ ಅದೇ ಮುಖ್ಯ. ಕಾಲು ಉದ್ದ, ಮುಂಡ ಗಿಡ್ಡ ಇರುವವರು ದೊಡ್ಡ ಫ್ರೇಮು ಕೊಂಡರೆ ಕಾಲಿಗೆ ಸರಿಹೋದೀತು, ಆದರೆ ಕೈ ಚಾಚಿ ಚಾಚಿ ಕತ್ತು, ಹೆಗಲು ನೋಯುತ್ತವೆ. ಮುಂಭಾಗ ಎತ್ತರವಿದ್ದು ಹ್ಯಾಂಡಲ್ ಹತ್ತಿರವಿರುವ ಮಾದರಿ ಅವರಿಗೆ ಮೇಲು. ಮುಂಡ ಉದ್ದ ಇರುವವರಿಗೆ ಉದ್ದನೆಯ, ಬಾರು (ಸೀಟಿನ ಕೆಳಗಿನಿಂದ ಹ್ಯಾಂಡಲ್‌ ಕಡೆಗೆ ಹೋಗುವ ಮೇಲಿನ ಕೊಳವೆ) ಇಳಿಜಾರಾಗಿರುವ ಫ್ರೇಮು ನೋಡಿ. ಒಂದೆರಡು ಸೆಂ.ಮೀ. ಹೆಚ್ಚುಕಡಿಮೆಯನ್ನು ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್ ಬದಲಿಸಿ ಸರಿಮಾಡಬಹುದು.

ಬಾರಿನ ಆಚೀಚೆ ಕಾಲೂರಿ ನಿಂತಾಗ ಎರಡು ಮೂರು ಸೆಂ.ಮೀ. ಸಂದು ಇರಲೇಬೇಕು. ಮಕ್ಕಳಿಗಂತೂ ‘ಹೇಗೂ ಬೆಳೀತಾನೆ’ ಎಂದು ದೊಡ್ಡದನ್ನು ತರಬೇಡಿ. ಬೆಳೆಯುವುದು ಮುಂದಿನ ವರ್ಷ, ಕಾಲೆಟುಕದೆ ಬೀಳುವುದು ಇವತ್ತೇ.